ಕಿಟಕಿ ಅಡ್ಡ ಬಂದ ಸೂತ್ರ

ಕೆಲವರಿಗೆ ಎಲೆ ಅಡಿಕೆಯ ಚಟವಿರುತ್ತದೆ, ಕೆಲವರಿಗೆ ಧಾರಾವಾಹಿಯ ಚಟ. ನನಗಿರುವುದು ಸಿದ್ಧಾಂತದ ಚಟ. ಒಂದು ಸಿದ್ಧಾಂತ ಕೈಗೆ ಸಿಕ್ಕಿತೆಂದರೆ ಅದನ್ನು ನಾಲ್ಕು ಜನರ ಕಿವಿಗೆ ಹಾಕುವವರೆಗೆ ತಿಂದ ರೊಟ್ಟಿ ಅರಗುವುದಿಲ್ಲ. ನಾನು ಕಲಬುರಗಿಯ ಬ್ರಹ್ಮಪುರದಿಂದ ದಿನಾ ಬಸ್ಸು ಹತ್ತಿ, ಕಮಲಾಪುರದ ಕಡೆ ಒಂದು ಸರಕಾರಿ ಹೈಸ್ಕೂಲಿಗೆ ಹೋಗಿ ಗಣಿತ ಕಲಿಸಿ ಬರುವ ಟೀಚರು. ಹೋಗಲು ಒಂದು ತಾಸು, ಬರಲು ಒಂದು ತಾಸು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂಡುವುದು ಗಣಿತದವರಿಗೆ ಸಾಧ್ಯವಿದ್ದರೂ ನನಗೆ ಸಾಧ್ಯವಿಲ್ಲ. ಹೀಗಾಗಿ ಪಕ್ಕದಲ್ಲಿ ಯಾರೇ ಕೂತಿರಲಿ, ಬಸ್ಸು ಊರು ದಾಟುವಷ್ಟರಲ್ಲಿ ನನ್ನ ಸಿದ್ಧಾಂತ ಶುರುವಾಗುತ್ತಿತ್ತು: ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಹೈಸ್ಕೂಲಿನಲ್ಲಿ ಫೀಸು ಇಲ್ಲ, ಪುಸ್ತಕ ಪುಕ್ಕಟೆ, ಬಟ್ಟೆ ಪುಕ್ಕಟೆ, ಮಧ್ಯಾಹ್ನದ ಊಟ ಪುಕ್ಕಟೆ ಎಂದಾದ ಮೇಲೆ ವಿದ್ಯೆ ತೆಳ್ಳಗಾಗಿಹೋಯಿತು. ಈ ಮಾತಿನ ನಡುವೆ ಒಮ್ಮೆ ಕಂಡಕ್ಟರು ಬಂದು, “ಮೇಡಂ, ಭಾಷಣ ಆಮ್ಯಾಲ ಮಾಡೀರಿ, ಮೊದಲ ಆಧಾರ್ ಕಾರ್ಡ್ ತೋರಸ್ರಿ,” ಎಂದ. ತೋರಿಸಿದೆ. ಹೆಂಗಸರಿಗೆ ಕೊಡುವ ಶೂನ್ಯ ದರದ ಟಿಕೆಟ್ಟನ್ನು ಅವನು ಹರಿದು ಕೊಟ್ಟ. ಅದನ್ನು ಬೆರಳ ನಡುವೆ ಹಿಡಿದುಕೊಂಡೇ ನಾನು ಪುಕ್ಕಟೆಯ ಅನಾಹುತಗಳ ಬಗ್ಗೆ ಮಾತು ಮುಂದುವರಿಸಿದೆ. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಮನೆಯಲ್ಲೂ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷಿಗಳು ಬೇಕಾದಷ್ಟಿದ್ದವು. ಯಾವುದೋ ಚಹಾಪುಡಿಯ ಜೊತೆ ಪುಕ್ಕಟೆ ಬಂದ ಒಂದು ಸ್ಟೀಲಿನ ಡಬ್ಬಿಯಿದೆ. ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನನ್ನ ಮದುವೆಯಲ್ಲಿ ಬಂದ ಬೆಳ್ಳಿಯ ಬಟ್ಟಲಿಗೂ ಇಲ್ಲ. ಒಮ್ಮೆ ಪಕ್ಕದ ಮನೆಯವರು ಒಯ್ದು ಎರಡು ದಿನ ಕೊಡಲಿಲ್ಲವೆಂದು ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಆದರೆ ಸಿದ್ಧಾಂತ ಇಟ್ಟುಕೊಂಡವರು ಇಂಥ ಡಬ್ಬಿಗಳಿಗೆಲ್ಲ ಹೆದರಬಾರದು. ನನ್ನ ಬತ್ತಳಿಕೆಯ ದೊಡ್ಡ ಬಾಣವೆಂದರೆ ‘ನಾನು ನೌಕರಿ ಸೇರಿದ ಕಾಲ’. ಆಗ ಹತ್ತನೆಯ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳು. ಒಂದು ಲೆಕ್ಕ ಹಾಕಿದರೆ ಇಪ್ಪತ್ತು ಕೈ ಮೇಲೇಳುತ್ತಿದ್ದವು. ಎಂಥ ಗುಣಮಟ್ಟ! ಆ ಇಪ್ಪತ್ತೆಂಟರಲ್ಲಿ ಹುಡುಗಿಯರು ಐದೇ ಜನ ಇದ್ದರು ಎಂಬುದನ್ನು ನಾನು ಬಸ್ಸಿನಲ್ಲಿ ಹೇಳುತ್ತಿರಲಿಲ್ಲ. ಕಷ್ಟಪಟ್ಟು ಕಲಿಯಬೇಕಾದವರೆಲ್ಲ ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ಬಿಟ್ಟುಹೋಗಿ, ಕಲಿಸದಿದ್ದರೂ ಕಲಿಯುವವರು ಮಾತ್ರ ನನ್ನವರೆಗೆ ಬರುತ್ತಿದ್ದರು. ಅಂದರೆ ನಾನು ಅಷ್ಟು ವರ್ಷ ಹೊಗಳಿಕೊಂಡು ತಿರುಗಿದ್ದು ನನ್ನ ಪಾಠವನ್ನಲ್ಲ, ಬಾರದೆ ಉಳಿದವರ ಗೈರುಹಾಜರಿಯನ್ನು.

ಈಗ ಕಾಲ ಬದಲಾಗಿದೆ. ಹೋದ ವರ್ಷ ನನ್ನ ಹತ್ತನೆಯ ತರಗತಿಯಲ್ಲಿ ನೂರಾ ಎಂಟು ಮಕ್ಕಳಿದ್ದರು. ಜಪಮಾಲೆಯ ಮಣಿಗಳ ಲೆಕ್ಕ. ಇನ್ನೊಬ್ಬ ಗಣಿತದ ಮಾಸ್ತರರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಎರಡೂ ವಿಭಾಗಗಳನ್ನು ಪ್ರಾರ್ಥನೆಯ ದೊಡ್ಡ ಹಾಲಿಗೆ ತಂದು ನನ್ನ ಕೈಗೆ ಒಪ್ಪಿಸಿದರು. ಹಾಲಿನ ನಡುವೆ ನಾಲ್ಕು ಕಂಬಗಳು. ಹಿಂದೆ ಕೂತವರಿಗೆ ಕರಿಹಲಗೆ ಕಾಣುವುದಿಲ್ಲ, ಮುಂದೆ ಕೂತವರು ಬರೆದುಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನಾನೇನು ಸೋಲುವವಳೇ? ಮುಖ್ಯವಾದ ಸೂತ್ರಗಳನ್ನೆಲ್ಲ ಎದುರಿನ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿಬಿಡೋಣ ಎಂದು ತೀರ್ಮಾನಿಸಿದೆ. ನಮ್ಮ ಕಡೆಯ ಸರಕಾರಿ ಶಾಲೆಗಳಲ್ಲಿ ಗೋಡೆ, ಕಂಬ, ಮೆಟ್ಟಿಲು ಯಾವುದನ್ನೂ ಖಾಲಿ ಬಿಡುವ ಪದ್ಧತಿಯಿಲ್ಲ. ಬಾಳೆಹಣ್ಣಿನ ಲಾರಿಗಳ ಹಿಂದೆ ನವಿಲು ಬಿಡಿಸುವ ಪೇಂಟರನೊಬ್ಬನನ್ನು ಕರೆಸಿದೆ. ನಾನು ಚೀಟಿ ಹಿಡಿದು ಕೆಳಗೆ ನಿಂತೆ, ಅವನು ಏಣಿ ಹತ್ತಿದ. ಕೊನೆಯ ಸಾಲು ಶಂಕುವಿನದು, ಅಂದರೆ ತಳದಲ್ಲಿ ದುಂಡಗಿದ್ದು ಮೇಲೆ ಚೂಪಾಗುವ ಆಕಾರದ್ದು. ಅದರ ಹೊರಮೈಯ ವಿಸ್ತೀರ್ಣ ಬೇಕೆಂದರೆ ಪೈ, ತ್ರಿಜ್ಯ, ಓರೆ ಎತ್ತರ, ಈ ಮೂರನ್ನು ಗುಣಿಸಬೇಕು. ಪೇಂಟರ್ ಮೇಲಿಂದ ಕೂಗಿದ: “ಮೇಡಂ ರೀ, ಇಷ್ಟುದ್ದ ಹಿಡಿಯಂಗಿಲ್ರಿ. ಕಿಡಕಿ ಅಡ್ಡ ಬರ್ತದ. ಒಂದ್ ಶಬ್ದ ತೆಗೀರಿ.”

ನಾನು ಚೀಟಿ ನೋಡಿದೆ, ಕಿಟಕಿ ನೋಡಿದೆ, ಕೈಗಡಿಯಾರ ನೋಡಿದೆ. ಬಸ್ಸಿಗೆ ಹೊತ್ತಾಗಿತ್ತು. “ಹಂಗಾದ್ರ ‘ಓರೆ’ ತೆಗದ್ಬಿಡು. ‘ಎತ್ತರ’ ಅಷ್ಟೇ ಬರಿ. ಓರೆ ನಾ ಬಾಯಿಲೆ ಹೇಳ್ತೀನಿ,” ಎಂದೆ. ಅವನು ಹಾಗೆಯೇ ಬರೆದು, ಖಾಲಿ ಉಳಿದ ಮೂಲೆಯಲ್ಲಿ ನಾನು ಕೇಳದಿದ್ದರೂ ಒಂದು ಸಣ್ಣ ನವಿಲು ಬಿಡಿಸಿ ಇಳಿದ. ಗೋಡೆ ಬಹಳ ಚೆಂದ ಕಾಣುತ್ತಿತ್ತು. ನೋಡಲು ಬಂದ ಹೆಡ್‌ಮಾಸ್ತರರು ನನ್ನನ್ನು ಹೊಗಳಿದರು, ನವಿಲನ್ನು ಇನ್ನೂ ಸ್ವಲ್ಪ ಹೆಚ್ಚು ಹೊಗಳಿದರು. ಬಾಯಿಂದ ಹೇಳಬೇಕಾದ ಆ ಒಂದು ಶಬ್ದವನ್ನು ಮಾತ್ರ ನಾನು ವರ್ಷವಿಡೀ ಹೇಳಲಿಲ್ಲ. ದಿನಕ್ಕೆ ಎರಡು ತಾಸು ಬಸ್ಸಿನಲ್ಲಿ ಬಾಯಿ ಬಿಡುವವಳು, ಹೇಳಬೇಕಾದ ಜಾಗದಲ್ಲಿ ಮರೆತುಬಿಟ್ಟೆ.

ಹತ್ತನೆಯ ತರಗತಿಯವರಿಗೆ ದೊಡ್ಡ ಪರೀಕ್ಷೆಗೆ ಮೊದಲು ಪ್ರಿಪರೇಟರಿ ಎಂದು ಒಂದು ಪರೀಕ್ಷೆ ಇರುತ್ತದೆ. ಅದರಲ್ಲಿ ಮೂರು ಅಂಕದ ಒಂದು ಲೆಕ್ಕ ಬಂತು: ಶಂಕುವಿನಾಕಾರದ ಡೇರೆ, ತಳದ ತ್ರಿಜ್ಯ ಏಳು ಮೀಟರ್, ಎತ್ತರ ಇಪ್ಪತ್ನಾಲ್ಕು ಮೀಟರ್, ಬಟ್ಟೆ ಎಷ್ಟು ಬೇಕು? ಉತ್ತರದ ಕೀಲಿಯನ್ನು ನಾನು ಹಾಲಿನಲ್ಲೇ ಕೂತು, ಗೋಡೆಯ ಕಡೆ ಮುಖ ಮಾಡಿ ಸಿದ್ಧಪಡಿಸಿದೆ. ಐನೂರಾ ಇಪ್ಪತ್ತೆಂಟು ಚದರ ಮೀಟರ್. ನೂರಾ ಎಂಟು ಉತ್ತರಪತ್ರಿಕೆ ತಿದ್ದುವ ಕೈಗೆ ತಲೆಯ ಸಹಾಯ ಬೇಕಾಗುವುದಿಲ್ಲ. ಐನೂರಾ ಇಪ್ಪತ್ತೆಂಟು ಕಂಡರೆ ಸರಿ, ಮುಂದಿನ ಹಾಳೆ. ಎಲ್ಲರದೂ ಅದೇ ಉತ್ತರ. ಶಂಕುವನ್ನು ಇಷ್ಟು ಚೆನ್ನಾಗಿ ನಾನು ಎಂದೂ ಕಲಿಸಿರಲಿಲ್ಲ ಎಂದು ಎದೆ ಉಬ್ಬಿತು. ಒಂದೇ ಒಂದು ಪತ್ರಿಕೆಯಲ್ಲಿ ಐನೂರಾ ಐವತ್ತು ಎಂದಿತ್ತು. ಅದರ ಮೇಲೆ ಇಪ್ಪತ್ತೈದು ಎಂಬ ಸಂಖ್ಯೆಯನ್ನು ಕಂಡುಹಿಡಿಯಲು ನಾಲ್ಕು ಸಾಲಿನ ಲೆಕ್ಕ ಬೇರೆ. ಅಡ್ಡ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ‘ಅನಾವಶ್ಯಕ’ ಎಂದು ಬರೆದು, ಸೊನ್ನೆ ಕೊಟ್ಟೆ. ಪತ್ರಿಕೆ ಸುಜಾತಾಳದು. ಒಟ್ಟು ಕೂಡಿಸಿದಾಗ ಪಾಸಾಗಲು ಎರಡು ಅಂಕ ಕಡಿಮೆ ಬಿದ್ದವು.

ಸುಜಾತಾ ಹಿಂದಿನ ಕಂಬದ ಮರೆಯಲ್ಲಿ ಕೂಡುತ್ತಿದ್ದ ಹುಡುಗಿ. ಅವರ ಮನೆಯಲ್ಲಿ ಹತ್ತನೆಯದರವರೆಗೆ ಬಂದವಳು ಇವಳೇ ಮೊದಲು. ಪತ್ರಿಕೆ ಕೊಟ್ಟ ದಿನ ಅವಳು ಎದ್ದು ನಿಂತು, “ಮೇಡಂ ರೀ, ಪುಸ್ತಕದಾಗ ಹಿಂಗಽ ಅದರಿ,” ಎಂದಳು.

“ಗ್ವಾಡಿ ನೋಡು,” ಎಂದೆ ನಾನು.

“ಕಾಣಂಗಿಲ್ರಿ. ಕಂಬ ಅಡ್ಡ ಬರ್ತದರಿ.”

“ಕುತ್ತಿಗಿ ಹೊರಳಸಾಕ ಬರಂಗಿಲ್ಲೇನು? ಎಲ್ಲಾ ಪುಕ್ಕಟೆ ಸಿಗ್ತದಲ್ಲ, ನೋಡೂ ಕಷ್ಟಾನೂ ಬ್ಯಾಡ ನಿಮಗ!” ಎಂದು ನನ್ನ ಸಿದ್ಧಾಂತವನ್ನು ಅವಳ ತಲೆಯ ಮೇಲೂ ಒಂದಿಷ್ಟು ಸುರಿದೆ. ನೂರಾ ಏಳು ಜನ ನಕ್ಕರು. ಅವಳು ಕೂತಳು. ಮರುದಿನ ಶನಿವಾರ ಶಾಲೆಗೆ ಬರಲಿಲ್ಲ. ಅವಳ ಓಣಿಯ ಹುಡುಗಿಯೊಬ್ಬಳನ್ನು ಕೇಳಿದೆ. “ಅಕಿ ಇನ್ನ ಬರಂಗಿಲ್ರಿ ಮೇಡಂ. ಈ ಪರೀಕ್ಷಾದಾಗ ಪಾಸಾದ್ರ ಕಾಲೇಜ್ ತನಕ ಓದಸ್ತೀನಿ, ಇಲ್ಲಂದ್ರ ಇಲ್ಲ ಅಂತ ಅವರಪ್ಪ ಮೊದಲೇ ಅಂದಿದ್ರು. ಸೋಮವಾರ ಹುಮನಾಬಾದಕ್ಕ ಸೋದರತ್ತಿ ಮನಿಗಿ ಕಳಸ್ತಾರಂತ, ಕೂಸಿನ್ನ ನೋಡಕೊಳ್ಳಾಕ,” ಎಂದಳು. ನನಗೆ ಕೆಡುಕೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಬಸ್ಸು ಹತ್ತುವಷ್ಟರಲ್ಲಿ ಆ ಕೆಡುಕನ್ನೂ ನನ್ನ ಸಿದ್ಧಾಂತಕ್ಕೆ ಒಂದು ಉದಾಹರಣೆ ಮಾಡಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ, ಮಕ್ಕಳಿಗೆ ತೋರಿಸಿ ವಾಪಸ್ ಪಡೆದ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಪಡಸಾಲೆಯಲ್ಲಿ ಅಂಕಪಟ್ಟಿ ಬರೆಯುತ್ತಿದ್ದೆ. ನಮ್ಮ ಮನೆಯವರಿಗೆ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಟ್ಟೆಯ ಅಂಗಡಿಯಿದೆ. ಪರದೆ, ಶಾಮಿಯಾನ, ಡೇರೆಯ ಬಟ್ಟೆಗೆ ಜನ ಇವರನ್ನು ಹುಡುಕಿಕೊಂಡು ಬರುತ್ತಾರೆ. ಓದಿದ್ದು ಎಂಟನೆಯದರವರೆಗೆ, ಅದೂ ಗಣಿತದ ಭಯಕ್ಕೆ ಬಿಟ್ಟದ್ದು ಎಂದು ಮದುವೆಯಾದ ಹೊಸದರಲ್ಲಿ ತಾವೇ ಹೇಳಿ, ಈಗ ಆ ಮಾತನ್ನು ಒಪ್ಪುವುದಿಲ್ಲ. “ನೋಡ್ರಿ,” ಎಂದು ಅವರ ಮುಂದೆ ಗೊಣಗಿದೆ, “ನೂರಾ ಏಳು ಮಂದಿ ಬರೆದದ್ದು ಐನೂರಾ ಇಪ್ಪತ್ತೆಂಟು, ಇಕಿ ಒಬ್ಬಾಕಿ ಐನೂರಾ ಐವತ್ತು. ಡೇರಿ ಲೆಕ್ಕ.”

ಡೇರೆ ಎಂದದ್ದೇ ಅವರು ಚಹಾದ ಬಟ್ಟಲು ಕೆಳಗಿಟ್ಟು, ಅವಳ ಪತ್ರಿಕೆಯನ್ನು ತಮ್ಮ ಕಡೆ ತಿರುಗಿಸಿ ನೋಡಿದರು. “ಇಪ್ಪತ್ನಾಕು ಮೀಟರ್ ಎತ್ತರದ ಡೇರಿ? ಯಾವ ಬಾದಶಹಾಂದು ಇದು! ಇರ್ಲಿ. ಈ ಎತ್ತರ ಅಂದ್ರ ನಡುವಿನ ಕಂಬ ಏನು?”

“ಹೌದು.”

“ಬಟ್ಟಿ ಏನು ಕಂಬಗುಂಟ ನೆಟ್ಟಗ ಇಳೀತದೇನು, ಟೀಚರಬಾಯಿ? ಓರೆ ಆಗಿ ಇಳೀತದ. ಕಂಬದ ಅಳತಿ ಹಿಡದು ಬಟ್ಟಿ ಕೊಟ್ರ ನೆಲಕ್ಕ ಮುಟ್ಟಂಗಿಲ್ಲ. ಸುತ್ತೂ ಕಡೆ ನಾಯಿ ಹೊಕ್ತಾವ. ಶಾಮಿಯಾನದವರು ನನ್ನ ಅಂಗಡಿ ಮುಂದ ಬಂದು ಜಗಳಾ ತೆಗೀತಾರ.” ಆಮೇಲೆ ಬೆರಳಿನಿಂದ ಸುಜಾತಾಳ ಆ ನಾಲ್ಕು ಸಾಲುಗಳನ್ನು ಮುಟ್ಟಿ, “ಈ ಹುಡುಗಿಗಿ ಗೊತ್ತದ. ಇಪ್ಪತ್ತೈದು ತೆಗದಾಳ. ಇಕಿನ್ನ ನನ್ನ ಅಂಗಡಿಗಿ ಕಳಸು,” ಎಂದು ಬಟ್ಟಲು ಎತ್ತಿಕೊಂಡರು.

ನನಗೆ ಏಣಿ ಕಂಡಿತು. ಪೇಂಟರ್ ಕಂಡ. ಓರೆ ನಾ ಬಾಯಿಲೆ ಹೇಳ್ತೀನಿ ಎಂದ ನನ್ನ ದನಿ ಕೇಳಿಸಿತು. ಅಂಕಪಟ್ಟಿಯನ್ನು ಅಲ್ಲೇ ಬಿಟ್ಟು ಎದ್ದೆ. ಭಾನುವಾರ ಎಲ್ಲಿಗೆ ಹೊರಟೆ ಎಂದು ಇವರು ಕೇಳಿದರು. ಕಮಲಾಪುರಕ್ಕೆ ಎಂದೆ. ಆ ದಿನ ಬಸ್ಸಿನಲ್ಲಿ ಪಕ್ಕದವರ ಜೊತೆ ನಾನು ಒಂದು ಮಾತೂ ಆಡಲಿಲ್ಲ. ಕಂಡಕ್ಟರು ಟಿಕೆಟ್ ಕೊಡುತ್ತಾ, “ಆರಾಮ ಇದ್ದೀರಿಲ್ಲೋ ಮೇಡಂ?” ಎಂದು ವಿಚಾರಿಸಿಕೊಂಡ. ನನಗೆ ಕಾಣುತ್ತಿದ್ದದ್ದು ಒಂದೇ: ಮರುದಿನ ಬೆಳಿಗ್ಗೆ ಇದೇ ರಸ್ತೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಆ ಹುಡುಗಿ ಹುಮನಾಬಾದಿಗೆ ಹೋಗಿಬಿಟ್ಟರೆ, ಅವಳಿಗೆ ಬರುವ ಗಣಿತ ಒಂದು ಕೂಸಿನ ತೊಟ್ಟಿಲು ತೂಗುವುದರಲ್ಲಿ ಮುಗಿಯುತ್ತದೆ. ಕಾರಣ ಅವಳ ಬಡತನವೂ ಅಲ್ಲ, ಪುಕ್ಕಟೆ ಶಾಲೆಯೂ ಅಲ್ಲ. ನಾನು.

ಸುಜಾತಾಳ ಅಪ್ಪ ಭೀಮಶಾ ಬಾಳೆಯ ತೋಟಗಳಲ್ಲಿ ಗೊನೆ ಕಡಿದು ಲಾರಿಗೆ ಹೇರುವ ಕೆಲಸದವರು. ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದವರು ನನ್ನನ್ನು ಕಂಡು ಗಾಬರಿಯಾಗಿ ಎದ್ದು ಕಂಬಳಿ ಹಾಸಿದರು. ಬಾಗಿಲಲ್ಲಿ ಒಂದು ಬಟ್ಟೆಯ ಚೀಲ ಆಗಲೇ ತುಂಬಿ ಕೂತಿತ್ತು. ನಾನು ಸುತ್ತಿ ಬಳಸದೆ ಹೇಳಿದೆ: “ನಿಮ್ಮ ಮಗಳು ಪಾಸಾಗ್ಯಾಳ. ಪೇಪರ್ ತಿದ್ದೂದ್ರಾಗ ನಾ ತಪ್ಪು ಮಾಡೀನಿ.”

ಭೀಮಶಾ ನಂಬಲಿಲ್ಲ. ಟೀಚರು ತಪ್ಪು ಮಾಡುತ್ತಾರೆಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ. ಕೈ ಮುಗಿದು, “ಮೇಡಂ ರೀ, ಬಡವರ ಮಕ್ಕಳು ಅಂತ ಕನಿಕರ ಮಾಡಿ ಬಂದೀರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಖರೇ, ಮುಫತ್ ಮಾರ್ಕ್ ಬ್ಯಾಡ್ರಿ. ಸಾಲಿ ಮುಫತ್ ಕೊಟ್ಟಾರ, ಪುಸ್ತಕ ಮುಫತ್, ಊಟ ಮುಫತ್. ಮಾರ್ಕ್ ಆದ್ರೂ ಅಕಿ ಗಳಸ್ಬೇಕ್ರಿ. ತಲಿಗಿ ಹತ್ತಲಾರದ್ದು ಒತ್ತಿ ತುಂಬಬಾರದು,” ಎಂದರು.

ವರ್ಷಗಟ್ಟಲೆ ಬಸ್ಸಿನಲ್ಲಿ ನಾನು ಹುಡುಕಿದ್ದು ಇಂಥ ಒಬ್ಬ ಕೇಳುಗನನ್ನೇ. ಸಿಕ್ಕಿದ್ದು ಮಾತ್ರ ಸಿಗಬಾರದ ಹೊತ್ತಿನಲ್ಲಿ. ಆಗ ಸುಜಾತಾ ಒಳಗೆ ಹೋಗಿ ಗಣಿತದ ಪುಸ್ತಕ ತಂದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಹಲಗೆಯ ಮೇಲೆ ಪುಸ್ತಕದ ಜಾಗ. ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಹೊಲಿದಿದ್ದರು. ಒಳಗೆ ಪುಟಗಳ ಅಂಚುಗಳು ಬೆರಳು ತಾಗಿ ತಾಗಿ ಮೆತ್ತಗಾಗಿದ್ದವು. ಸರಕಾರ ನನಗೂ ಅದೇ ಪುಸ್ತಕ ಪುಕ್ಕಟೆ ಕೊಟ್ಟಿದೆ. ನನ್ನದನ್ನು ತೆರೆದರೆ ಇನ್ನೂ ಹೊಸ ಅಂಟಿನ ವಾಸನೆ ಬರುತ್ತದೆ. ಅವಳು ಶಂಕುವಿನ ಪುಟ ತೆರೆದಿಟ್ಟು, ಅಂಗಳದಲ್ಲಿ ಒಂದು ಕೋಲು ನೆಟ್ಟಳು. ಸುತ್ತಲೂ ಮಣ್ಣಿನಲ್ಲಿ ದುಂಡಗೆ ಗೆರೆ ಎಳೆದಳು. ಅಪ್ಪನ ಹಗ್ಗವನ್ನು ಕೋಲಿನ ಎತ್ತರಕ್ಕೆ ಸರಿಯಾಗಿ ಅಳೆದು ಕತ್ತರಿಸಿ, ಒಂದು ತುದಿಯನ್ನು ಕೋಲಿನ ನೆತ್ತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಗೆರೆಯ ಕಡೆಗೆ ಎಳೆದಳು.

“ಮುಟ್ತದೇನಪ್ಪ?”

“ಮುಟ್ಟಂಗಿಲ್ಲ,” ಎಂದರು ಭೀಮಶಾ. ಬಗ್ಗಿ ಕೂತು ತಾವೇ ಎಳೆದು ನೋಡಿದರು. “ಕಮ್ಮಿ ಬೀಳ್ತದ.”

“ಗ್ವಾಡಿ ಮ್ಯಾಲ ಬರ್ದದ್ದು ಇಷ್ಟಽ ಉದ್ದ. ಪುಸ್ತಕದಾಗ ಗೆರಿ ತನಕ ಅದ. ನಾ ಪುಸ್ತಕದ್ದು ಬರ್ದೀನಿ.”

ಭೀಮಶಾ ಹಗ್ಗವನ್ನೂ ಮಗಳನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು. “ಅಂದ್ರ ಗ್ವಾಡಿ ಗಲತ್ ಏನ್ರಿ ಮೇಡಂ?”

“ಗಲತ್.”

“ಬರಸ್ದೋರು ಯಾರ್ರಿ?”

“ನಾನಽ.”

ಅವರು ನನಗೆ ಬೈಯಬಹುದಿತ್ತು, ಬೈಯಿಸಿಕೊಳ್ಳಲು ತಯಾರಾಗಿಯೇ ಬಂದಿದ್ದೆ. ಅವರು ಎದ್ದು, ಬಾಗಿಲಲ್ಲಿದ್ದ ಚೀಲವನ್ನು ಎತ್ತಿ ಒಳಗಿಟ್ಟು ಬಂದರು. ಆಮೇಲೆ ನಿಜವಾದ ಕಳವಳದಿಂದ ಕೇಳಿದರು: “ಹಂಗಾದ್ರ ಆ ಉಳದ ನೂರಾ ಏಳು ಮಕ್ಕಳದ್ದು ಏನ್ ಗತಿರಿ?” ಸುಜಾತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಹೊರಟಾಗ ಭೀಮಶಾ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ನನ್ನ ಚೀಲಕ್ಕೆ ಹಾಕಿದರು. ಬೇಡವೆಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಸುಲಿದು ತಿಂದೆ. ಪುಕ್ಕಟೆಯದೆಂದು ರುಚಿಯೇನೂ ಕಡಿಮೆ ಇರಲಿಲ್ಲ.

ಸೋಮವಾರ ಹಾಲಿನಲ್ಲಿ ಗೋಡೆಯ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ನೂರಾ ಏಳು ಜನರಿಂದ ಮೂರು ಮೂರು ಅಂಕ ವಾಪಸ್ ತೆಗೆದುಕೊಳ್ಳುವುದು ಸಣ್ಣ ಕೆಲಸವಲ್ಲ. ಹಾಲ್ ತುಂಬ ಒಂದೇ ನಿಟ್ಟುಸಿರು. ಹಿಂದಿನಿಂದ ಒಬ್ಬ ಹುಡುಗ ಎದ್ದು, “ಇರ್ಲಿ ಬಿಡ್ರಿ ಮೇಡಂ. ದೊಡ್ಡ ಪರೀಕ್ಷಾದಾಗ ಹೋಗೂದು ಈಗ ಹೋತು,” ಎಂದ. ಮಕ್ಕಳು ನನ್ನನ್ನು ಇಷ್ಟು ಸುಲಭವಾಗಿ ಕ್ಷಮಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರ ಒಂದು ತಪ್ಪನ್ನೂ ನಾನು ಇಷ್ಟು ಸುಲಭವಾಗಿ ಬಿಟ್ಟವಳಲ್ಲ. ಸುಜಾತಾಳನ್ನು ಮುಂದೆ ಕರೆದು ಕೋಲು, ಹಗ್ಗದ ಪಾಠವನ್ನು ಅವಳಿಂದಲೇ ಮಾಡಿಸಿದೆ. ಆ ದಿನದಿಂದ ಸಾಲುಗಳನ್ನು ದಿನಕ್ಕೊಮ್ಮೆ ಬದಲಿಸಿ ಕೂಡಿಸತೊಡಗಿದೆ, ಕಂಬದ ಮರೆ ಯಾರ ಪಾಲಿಗೂ ಖಾಯಂ ಆಗದಿರಲೆಂದು. ಪೇಂಟರ್ ಬಂದು, ನವಿಲನ್ನು ಅಳಿಸುವುದಕ್ಕೆ ಖಡಾಖಂಡಿತವಾಗಿ ಒಪ್ಪದೆ, ‘ಓರೆ’ ಎಂಬ ಶಬ್ದವನ್ನು ಕಿಟಕಿಯ ಬಾಗಿಲಿನ ಮೇಲೆ ಬರೆದುಹೋದ. ಕಿಟಕಿ ಮುಚ್ಚಿದಾಗ ಸೂತ್ರ ಪೂರ್ತಿಯಾಗುತ್ತದೆ. ಸೆಕೆಯಾಗಿ ಯಾರಾದರೂ ಕಿಟಕಿ ತೆರೆದರೆ ಮತ್ತೆ ತಪ್ಪಾಗುತ್ತದೆ. ದೊಡ್ಡ ಪರೀಕ್ಷೆಯಲ್ಲಿ ಶಂಕುವಿನ ಲೆಕ್ಕವೇ ಬರಲಿಲ್ಲ, ಅದು ಬೇರೆ ಮಾತು.

ಸುಜಾತಾ ಪಾಸಾದಳು. ನನ್ನಿಂದ ಎಷ್ಟು, ನಾನಿದ್ದೂ ಎಷ್ಟು ಎಂದು ಬಿಡಿಸಿ ನೋಡಲು ನಾನು ಹೋಗಿಲ್ಲ. ಈ ಜೂನಿನಿಂದ ಅವಳು ಕಲಬುರಗಿಯ ಒಂದು ಸರಕಾರಿ ಕಾಲೇಜಿಗೆ ವಿಜ್ಞಾನ ಓದಲು ಬರುತ್ತಾಳೆ. ದಿನಾ ಬೆಳಿಗ್ಗೆ ನಾನು ಕಮಲಾಪುರದ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅವಳು ಕಲಬುರಗಿಯ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾಳೆ, ಕೈಯಲ್ಲಿ ಅದೇ ಶೂನ್ಯ ಟಿಕೆಟ್ಟಿಗೆ ಬೇಕಾದ ತನ್ನ ಆಧಾರ್ ಕಾರ್ಡು ಹಿಡಿದು. ಇಬ್ಬರೂ ಪುಕ್ಕಟೆ ಗಿರಾಕಿಗಳು. ಅವಳನ್ನು ಕಂಡ ದಿನ ನನ್ನ ಕಾಲಿಗೆ ಹುರುಪು ಬರುತ್ತದೆ. ಸಿದ್ಧಾಂತದ ಚಟ ಬಿಟ್ಟಿದೆ ಎಂದು ಹೇಳಲಾರೆ, ಕಡಿಮೆಯಾಗಿದೆ.

ಮೊನ್ನೆ ಅವಳ ಬಸ್ಸು ಹೊರಟೇಬಿಟ್ಟಿತ್ತು. ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: “ಮೇಡಂ ರೀ, ಈ ವರ್ಷದೋರಿಗಿ ಓರೆ ಬಾಯಿಲೆ ಹೇಳಿರೇನ್ರಿ?”

“ಹೇಳೀನವ್ವಾ, ಎಂದೋ ಹೇಳೀನಿ!” ಎಂದು ನಾನೂ ಕೂಗಿದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ಹೇಳಿಬಿಡಬೇಕೆಂದು ಶಾಲೆಯ ಕಡೆಗೆ ಓಡಿದೆ.